‘ಸೊಕ್ಕು’ ಮತ್ತು ‘ಚೊಕ್ಕ’: ಒಂದು ಪದವಿಮರ್ಶೆ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಸೊಕ್ಕೆಯೆಂಬುದೊಂದು ಗ್ರಾಮ. ಅದೇ ಹೆಸರಿನ ಹೋಬಳಿಗೆ ಅದು ಕೇಂದ್ರ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಸೀಮೆ ಚಿತ್ರದುರ್ಗಕ್ಕೆ ಸೇರಿತ್ತು. ಆ ತಾಲ್ಲೂಕಿನ ಊರುಗಳ ಹೆಸರುಗಳು ಬಹುಮಟ್ಟಿಗೆ ತಮ್ಮ ಅರ್ಥವನ್ನು ತಾವೇ ಹೇಳಿಕೊಳ್ಳುವಂಥವು: ದೊಣೆಹಳ್ಳಿಯಲ್ಲಿ ಹಳ್ಳಿಯಿದೆ, ಪಲ್ಲಾಗಟ್ಟೆಯಲ್ಲಿ ಕಟ್ಟೆಯಿದೆ, ಅಣಬೂರಿನಲ್ಲಿ ಊರಿದೆ. ಸೊಕ್ಕೆಯಲ್ಲಿ ಇಂತಹ ಉತ್ತರಪದವೊಂದೂ ಕಾಣುವುದಿಲ್ಲ. ಆದುದರಿಂದಲೇ ಈ ಹೆಸರನ್ನು ಮೊದಲ ಸಲ ಕೇಳಿದ ಕನ್ನಡಿಗನು ತನಗೆ ತಿಳಿದಿರುವ ಅತ್ಯಂತ ಸಮೀಪದ ಪದವನ್ನು, ಎಂದರೆ ‘ಸೊಕ್ಕು’ ಎಂಬುದನ್ನು, ಅದರ ಪಕ್ಕದಲ್ಲಿಟ್ಟು ನೋಡುತ್ತಾನೆ, ನೋಡಿ ನಸುನಗುತ್ತಾನೆ. ಊರಿಗೆ ಊರೇ ಗರ್ವಿಷ್ಠರದೆಂಬ ಅರ್ಥ ಅವನಿಗೆ ಹೊಳೆದಿರುತ್ತದೆ.

ಈ ನಗೆಯನ್ನು ನಾವು ಲಘುವಾಗಿ ತೆಗೆದುಕೊಳ್ಳಲಾರೆವು. ಅದರಲ್ಲಿ ಎರಡು ನಂಬಿಕೆಗಳು ಅಡಗಿವೆ. ಧ್ವನಿಯಲ್ಲಿ ಒಂದಾಗಿರುವ ಪದಗಳು ಮೂಲದಲ್ಲಿಯೂ ಒಂದೆಂಬುದು ಮೊದಲನೆಯದು. ‘ಸೊಕ್ಕು’ ಎಂದರೆ ಗರ್ವ, ಅದಕ್ಕಿಂತ ಬೇರೆ ಏನೂ ಅಲ್ಲ ಎಂಬುದು ಎರಡನೆಯದು. ನಮ್ಮ ಕಾಲೇಜುಗಳ ಪಠ್ಯಗಳಿಗೆ ಬರೆದ ಟಿಪ್ಪಣಿಗಳಲ್ಲಿಯೂ ಎರಡನೆಯ ನಂಬಿಕೆ ನಿಶ್ಚಿಂತವಾಗಿ ನೆಲೆಸಿದೆ. ಎರಡೂ ಪರೀಕ್ಷೆಗೆ ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಪದದ ರೂಪವನ್ನು ನೋಡೋಣ. ಹಳಗನ್ನಡದಲ್ಲಿ ಈ ಪದ ‘ಸೊರ್ಕು’. ಪೆರ್ಚು ಎಂಬುದು ಹೆಚ್ಚು ಆದಂತೆ, ಕರ್ಪು ಕಪ್ಪಾದಂತೆ, ಉರ್ಕು ಉಕ್ಕಾದಂತೆ ರೇಫವು ಮುಂದಿನ ವ್ಯಂಜನದಲ್ಲಿ ಲೀನವಾಗಿ ಸೊರ್ಕು ಸೊಕ್ಕಾಯಿತು. ಇದು ಕನ್ನಡದ ಇತಿಹಾಸದಲ್ಲಿ ಸಾಮಾನ್ಯವಾದ ಸಂಗತಿ, ವಿಸ್ತರಿಸಬೇಕಾದುದಿಲ್ಲ. ಆದರೆ ಆ ರೇಫವು ಒಮ್ಮೆ ಇತ್ತೆಂಬುದನ್ನು ಮರೆಯದಿರುವುದು ಮುಖ್ಯ. ಮುಂದೆ ಬರುವ ವಾದವೆಲ್ಲ ಅದರ ಮೇಲೆ ನಿಂತಿದೆ.

ಅರ್ಥದ ಮಾತು ಇಷ್ಟು ಸರಳವಲ್ಲ. ಪ್ರಾಚೀನ ಕಾವ್ಯಗಳಲ್ಲಿ ಸೊರ್ಕುವುದು ಮೊದಲಿಗೆ ಆನೆ. ‘ಸೊರ್ಕಾನೆ’ ಎಂದರೆ ಗಂಡಸ್ಥಲದಿಂದ ಮದಜಲ ಸುರಿಯುತ್ತಿರುವ ಗಜ. ಅದಕ್ಕೆ ಗರ್ವವಿಲ್ಲ, ಋತುವಿದೆ. ಅನಂತರ ಸೊರ್ಕುವವು ಮಕರಂದವನ್ನುಂಡ ತುಂಬಿಗಳು, ಮಧುಪಾನ ಮಾಡಿದ ವಿಟರು, ಯೌವನದಲ್ಲಿ ಮೈಮರೆತವರು. ಇವುಗಳಲ್ಲೆಲ್ಲ ಸಮಾನವಾದುದು ಒಂದೇ: ಒಳಗೆ ಏನೋ ಒಂದು ತುಂಬಿ, ಉಕ್ಕಿ, ತನ್ನ ಮೇಲೆ ತನಗೆ ಹಿಡಿತ ತಪ್ಪಿರುವ ಸ್ಥಿತಿ. ಅದು ದೋಷವೆಂದು ಕವಿ ಎಲ್ಲ ಕಡೆಯಲ್ಲಿಯೂ ಹೇಳುವುದಿಲ್ಲ; ವಸಂತವರ್ಣನೆಯಲ್ಲಿ ತುಂಬಿ ಸೊರ್ಕಿದರೆ ಅದು ವಸಂತದ ಸಮೃದ್ಧಿಯೇ ಹೊರತು ತುಂಬಿಯ ಅಪರಾಧವಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಅಮಲು, ಮದ, ಗರ್ವ ಈ ಅರ್ಥಗಳೆಲ್ಲವೂ ಸ್ಥಾನ ಪಡೆದಿವೆ. ಕಾಲಕ್ರಮದಲ್ಲಿ ಕಡೆಯದೊಂದು ಬೆಳೆದು ಉಳಿದವುಗಳನ್ನು ಮರೆಮಾಡಿದೆ.

ಮರೆಮಾಡಿದೆಯೇ ಹೊರತು ಅಳಿಸಿಲ್ಲ. ಅಡಿಕೆ ಬೆಳೆಯುವ ಸೀಮೆಗಳಲ್ಲಿ ಎಲೆಯಡಿಕೆ ಹಾಕಿಕೊಂಡವನಿಗೆ ತಲೆ ತಿರುಗಿ, ಹಣೆ ಬೆವರಿ, ಎದೆ ಹೊಡೆದುಕೊಂಡರೆ ‘ಅಡಿಕೆ ಸೊಕ್ಕಿತು’ ಎನ್ನುತ್ತಾರೆ. ಅಂಥ ಅಡಿಕೆಗೆ ಸೊಕ್ಕಡಿಕೆಯೆಂದೇ ಹೆಸರು. ಈ ಪ್ರಯೋಗವನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಇಲ್ಲಿ ಕರ್ತೃಪದ ತಿಂದವನದಲ್ಲ, ಅಡಿಕೆಯದು. ತಲೆತಿರುಗಿದವನ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ. ಒಂದು ಲೋಟ ನೀರು ಕೊಟ್ಟು ಕೂರಿಸುತ್ತಾರೆ. ಸಾವಿರ ವರ್ಷಗಳ ಹಿಂದೆ ಕವಿಗಳು ಬಳಸಿದ ಅರ್ಥವು ಇಂದಿಗೂ ತೋಟದ ಕೆಲಸಗಾರನ ಬಾಯಲ್ಲಿ ಕಳಂಕವಿಲ್ಲದೆ ಉಳಿದುಬಂದಿರುವುದು, ನಮ್ಮ ದೃಷ್ಟಿಯಲ್ಲಿ, ಎಷ್ಟೋ ಶಬ್ದಾರ್ಥಚರ್ಚೆಗಳಿಗಿಂತ ಬೆಲೆಯುಳ್ಳ ಸಾಕ್ಷ್ಯ.

ನೆರೆಯ ಭಾಷೆಗಳಿಗೆ ಬಂದರೆ ಚಿತ್ರ ಬದಲಾಗುತ್ತದೆ. ತೆಲುಗಿನಲ್ಲಿ ‘ಸೊಕ್ಕು’, ‘ಚೊಕ್ಕು’ ಎಂಬೆರಡು ರೂಪಗಳುಂಟು. ಪರವಶವಾಗುವುದು, ಮೈಮರೆಯುವುದು, ಮೂರ್ಛೆ ಹೋಗುವುದು ಇವು ಅದರ ಅರ್ಥ. ಅಹಂಕಾರವನ್ನು ಹೇಳಬೇಕಾದಾಗ ತೆಲುಗರು ಪೊಗರು, ಕೊವ್ವು ಮುಂತಾದ ಬೇರೆ ಪದಗಳನ್ನು ಹಿಡಿಯುತ್ತಾರೆ. ಚಿತ್ರದುರ್ಗ–ಜಗಳೂರು ಸೀಮೆಯಲ್ಲಿ ಮನೆಯೊಳಗೆ ತೆಲುಗನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುವ ಕುಟುಂಬಗಳುಂಟು. ಅಲ್ಲಿ ಒಂದೇ ಧ್ವನಿ ಹೊಸಿಲು ದಾಟುತ್ತಲೇ ತನ್ನ ತೂಕವನ್ನು ಬದಲಿಸಿಕೊಳ್ಳಬೇಕಾಗುತ್ತದೆ. ತುಳುವಿನಲ್ಲಿ ಅಮಲು, ಗರ್ವ ಎರಡೂ ಉಂಟು.

ತಮಿಳಿನದು ಹೆಚ್ಚು ಕುತೂಹಲಕರವಾದ ಸ್ಥಿತಿ. ಅಲ್ಲಿ ‘ಚೊಕ್ಕು’ ಎಂದು ಬರೆದು ‘ಸೊಕ್ಕು’ ಎಂದು ಉಚ್ಚರಿಸುವ ಪದಕ್ಕೆ ಮನಸೋಲುವುದು, ಮೋಹಪರವಶವಾಗುವುದು ಎಂದರ್ಥ. ‘ಸೊಕ್ಕುಪ್ಪೊಡಿ’ ಎಂದರೆ ಎದುರಿಗಿರುವವರನ್ನು ಮರುಳುಮಾಡುವ ಪುಡಿ, ನಮ್ಮ ಮಂಕುಬೂದಿಯ ಸೋದರ. ಕನ್ನಡಿಗನು ಅದನ್ನು ಅಕ್ಷರಶಃ ಕೇಳಿಸಿಕೊಂಡರೆ ಮೈಮೇಲೆ ಬಿದ್ದವನಿಗೆ ಗರ್ವ ಬರಿಸುವ ಚೂರ್ಣವೆಂದು ತಿಳಿದಾನು! ಇನ್ನೂ ಮುಂದೆ ಹೋದರೆ, ಮಧುರೆಯ ಶಿವನಿಗೆ ಸುಂದರೇಶ್ವರನೆಂಬಂತೆಯೇ ಸೊಕ್ಕನ್, ಸೊಕ್ಕನಾಥರ್ ಎಂಬ ಹೆಸರುಗಳುಂಟು. 1659ರಿಂದ 1682ರವರೆಗೆ ಆಳಿದ ಮಧುರೆಯ ನಾಯಕ ಅರಸನ ಹೆಸರೂ ಇದೇ. ನಮ್ಮ ಇತಿಹಾಸ ಪುಸ್ತಕಗಳು ಅವನನ್ನು ಚೊಕ್ಕನಾಥ ನಾಯಕನೆಂದು ಬರೆಯುತ್ತವೆ. ಕನ್ನಡದಲ್ಲಿ ಬೈಗುಳವಾಗಿರುವ ಧ್ವನಿ ಮಧುರೆಯಲ್ಲಿ ದೇವರ ಸೌಂದರ್ಯದ ಹೆಸರಾದುದು ಹೇಗೆ?

ಮೋಹವೆಂಬ ಅರ್ಥದಿಂದ ಮೋಹಗೊಳಿಸುವವನು, ಅದರಿಂದ ಸುಂದರನು ಎಂದು ಅರ್ಥವನ್ನು ನೇರವಾಗಿ ಎಳೆದು ತರಬಹುದು. ಈ ದಾರಿ ಸುಗಮವಾಗಿದೆ. ಸುಗಮವಾಗಿರುವುದರಿಂದಲೇ ನಮಗೆ ಶಂಕೆ. ತಮಿಳಿನಲ್ಲಿಯೇ ‘ಸೊಕ್ಕತ್ತಂಗಂ’ ಎಂದರೆ ಅಪ್ಪಟ ಚಿನ್ನ. ಅಪ್ಪಟ ಚಿನ್ನಕ್ಕೂ ಮೋಹಪರವಶತೆಗೂ ನಂಟು ಕಲ್ಪಿಸುವುದು ಅಕ್ಕಸಾಲಿಗನ ಗಿರಾಕಿಗಳ ವಿಷಯದಲ್ಲಿ ನಿಜವಾಗಬಹುದು, ಶಬ್ದಶಾಸ್ತ್ರದಲ್ಲಿ ಅಲ್ಲ. ಇಲ್ಲಿ ಬೇರೊಂದು ಪದ ಬಂದು ಸೇರಿದೆ. ಅದು ಕನ್ನಡದ ‘ಚೊಕ್ಕ’.

ಚೊಕ್ಕ, ಚೊಕ್ಕಟ ಎಂಬ ಮಾತುಗಳು ಶುದ್ಧ, ಅಚ್ಚುಕಟ್ಟು ಎಂಬರ್ಥದಲ್ಲಿ ನಿತ್ಯ ಬಳಕೆಯವು; ನಾವೂ ‘ಚೊಕ್ಕ ಚಿನ್ನ’ ಎನ್ನುತ್ತೇವೆ. ಇದನ್ನು ಅಚ್ಚಗನ್ನಡವೆಂದು ಭಾವಿಸುವವರಿದ್ದಾರೆ. ಆದರೆ ಸಂಸ್ಕೃತದಲ್ಲಿ ಶುದ್ಧನೆಂಬರ್ಥದ ‘ಚೋಕ್ಷ’ ಶಬ್ದವಿದೆ, ಪ್ರಾಕೃತದಲ್ಲಿ ‘ಚೋಕ್ಖ’ ಇದೆ. ಅಕ್ಷರ ಅಕ್ಕರವಾಗುವಂತೆ, ರಾಕ್ಷಸ ರಕ್ಕಸನಾಗುವಂತೆ, ಯಕ್ಷ ಜಕ್ಕನಾಗುವಂತೆ ಕ್ಷಕಾರವು ದ್ವಿತ್ವ ಕಕಾರವಾಗುವುದು ಕನ್ನಡದ ತದ್ಭವಗಳಲ್ಲಿ ಕ್ರಮಬದ್ಧ. 13ನೆಯ ಶತಮಾನದ ಕೇಶಿರಾಜನು ಇಂತಹ ಮಾರ್ಪಾಟುಗಳಿಗಾಗಿ ತನ್ನ ವ್ಯಾಕರಣದಲ್ಲಿ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಇದೇ ಮೂಲದಿಂದ ಹಿಂದಿಯ ‘ಚೋಖಾ’ (ಕಲಬೆರಕೆಯಿಲ್ಲದ, ಉತ್ತಮವಾದ) ಬಂದಿದೆ. ಮರಾಠಿಯಲ್ಲಿ ‘ಚೋಖ’ ಎಂದರೆ ಕರಾರುವಾಕ್ಕಾದುದು, ನ್ಯಾಯವಾದುದು, ಲೆಕ್ಕ ಚೋಖವಾಗಿರಬೇಕು. ಗುಜರಾತಿಯಲ್ಲಿ ‘ಚೋಖಾ’ ಎಂದರೆ ಅಕ್ಕಿ. ಹೊಟ್ಟು ಕಳೆದು ಚೊಕ್ಕಮಾಡಿದ ಧಾನ್ಯವೆಂಬ ಭಾವದಿಂದ ಬಂದದ್ದು.

ಮರಾಠಿಯ ಮಾತು ಬಂದಾಗ ಒಂದು ಹೆಸರನ್ನು ದಾಟಿ ಹೋಗಲಾಗುವುದಿಲ್ಲ. 14ನೆಯ ಶತಮಾನದ ವಾರಕರಿ ಸಂತ ಚೋಖಾಮೇಳನು ಮಹಾರ ಜಾತಿಯವನು, ಮಂಗಳವೇಢೆಯಲ್ಲಿ ಬಾಳಿದವನು. ಕನ್ನಡಿಗರಿಗೆ ಈ ಊರು ಕಲಚುರಿ ಬಿಜ್ಜಳನ ಮಂಗಳವಾಡವಾಗಿ, ಬಸವಣ್ಣನವರ ಜೀವನದ ಒಂದು ಘಟ್ಟವಾಗಿ ಪರಿಚಿತ. ಪಂಢರಾಪುರದ ವಿಠ್ಠಲನ ಗುಡಿಯೊಳಕ್ಕೆ ಚೋಖಾಮೇಳನಿಗೆ ಪ್ರವೇಶವಿರಲಿಲ್ಲ. ಗೋಡೆ ಕಟ್ಟುವ ಕೆಲಸದಲ್ಲಿದ್ದಾಗ ಅದು ಕುಸಿದು ಅವನು ತೀರಿಕೊಂಡನೆಂದು ಸಂಪ್ರದಾಯ ಹೇಳುತ್ತದೆ. ಅವನ ಸಮಾಧಿ ಆ ಗುಡಿಯ ಬಾಗಿಲ ಹೊರಗಿದೆ. ಮುಟ್ಟಬಾರದವನೆಂದು ಹೊರಗೆ ನಿಲ್ಲಿಸಿದವನನ್ನು ಕರೆಯುತ್ತಿದ್ದ ಹೆಸರಿನಲ್ಲಿಯೇ ಶುದ್ಧನೆಂಬ ಧ್ವನಿ ಕೇಳಿಸುತ್ತದೆ. ಪದವು ತನ್ನ ಪಾಡಿಗೆ ಒಂದನ್ನು ಹೇಳುತ್ತಿರುವಾಗ ಅದನ್ನಾಡುವ ಸಮಾಜ ಅದಕ್ಕೆ ತೀರ ವಿರುದ್ಧವಾದುದನ್ನು ಮಾಡುತ್ತಿರಬಲ್ಲುದು.

ಈಗ ಸೊಕ್ಕು, ಚೊಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಬಹುದು. ದ್ರಾವಿಡ ಮೂಲದ ಪದಗಳಲ್ಲಿ ತಮಿಳಿನ ಪದಾದಿಯ ಚಕಾರಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಸಕಾರ ಬರುತ್ತದೆ: ಚಾ–ಸಾಯ್, ಚೇರ್–ಸೇರ್, ಚೊಲ್–ಸೊಲ್. ಈ ನಿಯಮಕ್ಕೆ ಸೊಕ್ಕು ಸರಿಯಾಗಿ ಹೊಂದುತ್ತದೆ. ಚಕಾರವನ್ನು ಗಟ್ಟಿಯಾಗಿ ಹಿಡಿದುಕೊಂಡಿರುವ ಚೊಕ್ಕ ಹೊಂದುವುದಿಲ್ಲ. ಅಲ್ಲದೆ ಸೊಕ್ಕಿನ ದ್ವಿತ್ವದ ಹಿಂದೆ ರೇಫವಿದೆ, ಚೊಕ್ಕದ ದ್ವಿತ್ವದ ಹಿಂದೆ ಕ್ಷಕಾರವಿದೆ. ಎರಡೂ ಬೇರೆ ಬೇರೆ ಮನೆಗಳಿಂದ ಹೊರಟು ‘ಕ್ಕ’ ಎಂಬ ಒಂದೇ ಚಾವಡಿಯಲ್ಲಿ ಬಂದು ಕುಳಿತಿವೆ. ತಮಿಳು ಲಿಪಿಯಲ್ಲಿ ಚಕಾರಕ್ಕೂ ಸಕಾರಕ್ಕೂ ಒಂದೇ ಅಕ್ಷರವಾದ್ದರಿಂದ ಅಲ್ಲಿ ಇವುಗಳ ಗಡಿ ಅಳಿಸಿಹೋಯಿತು. ಸುಂದರ, ಶುದ್ಧ, ಮೋಹಕ ಎಂಬ ಭಾವಗಳು ಒಂದರೊಳಗೊಂದು ಬೆರೆತವು. ಎರಡನ್ನೂ ಪ್ರತ್ಯೇಕವಾಗಿ ಉಳಿಸಿಕೊಂಡದ್ದು ಕನ್ನಡ. ತಮಿಳಿನ ಪ್ರಾಚೀನತೆಯ ಮುಂದೆ ಕನ್ನಡದ ಸಾಕ್ಷ್ಯವನ್ನು ಎರಡನೆಯದೆಂದು ಬದಿಗಿರಿಸುವ ರೂಢಿ ಕೆಲವು ವಿದ್ವಾಂಸರಲ್ಲಿದೆ. ಇಂಥ ಪ್ರಸಂಗಗಳಲ್ಲಿ ಅದು ಸಲ್ಲದು.

ಈ ವಾದಕ್ಕೆ ಬೆಂಬಲ ನೀಡುವ ದೇವಾಲಯವೊಂದು ಬೆಂಗಳೂರಿನಲ್ಲಿಯೇ ಇದೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಪೂಜೆಗೊಳ್ಳುವವನು ಶಿವನಲ್ಲ, ವಿಷ್ಣು. ಅಲ್ಲಿಯ 13ನೆಯ ಶತಮಾನದ ತಮಿಳು ಶಾಸನಗಳು ಅವನನ್ನು ಸೊಕ್ಕಪ್ಪೆರುಮಾಳ್ ಎನ್ನುತ್ತವೆ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಮಧುರೆಯಲ್ಲಿ ಶಿವ, ದೊಮ್ಮಲೂರಿನಲ್ಲಿ ವಿಷ್ಣು: ಆದುದರಿಂದ ಇದು ಒಬ್ಬ ದೇವತೆಯ ಅಂಕಿತನಾಮವಲ್ಲ, ಚೆಲುವನೆಂಬ ವಿಶೇಷಣ. ಅದಕ್ಕಿಂತ ಮುಖ್ಯವಾದುದು ಕನ್ನಡಿಗರು ಆ ಹೆಸರನ್ನು ಸ್ವೀಕರಿಸಿದ ಬಗೆ. ‘ಸೊಕ್ಕ’ ಎಂದೂ ‘ಚೊಕ್ಕ’ ಎಂದೂ ಓದಬಹುದಾದ ಅಕ್ಷರವನ್ನು ಅವರು ಚೊಕ್ಕವೆಂದೇ ನುಡಿದರು. ಆ ಕಾಲದ ತಮಿಳಿನಲ್ಲಿ ಚಕಾರದ ಉಚ್ಚಾರಣೆಯೇ ಇದ್ದಿರಬಹುದೆಂದು ಆಕ್ಷೇಪಿಸಬಹುದು. ಹಾಗಿದ್ದರೂ ಅದು ಇಂದಿನವರೆಗೆ ಅಲುಗದೆ ನಿಂತುದಕ್ಕೆ, ದೇವರನ್ನು ಸೊಕ್ಕನೆಂದು ಕರೆಯಲು ಕನ್ನಡದ ನಾಲಗೆ ಒಪ್ಪಲಿಲ್ಲವೆಂಬುದೇ ಕಾರಣವೆಂದು ನಾವು ತಿಳಿಯುತ್ತೇವೆ.

ಇಷ್ಟಾದ ಮೇಲೆ ಸೊಕ್ಕೆಯ ಹೆಸರಿನ ಬಗೆಗೆ ಹೇಳಬೇಕಾದ ಮಾತು ಸ್ವಲ್ಪ. ಗ್ರಾಮನಾಮವನ್ನು ಇಂದಿನ ಉಚ್ಚಾರಣೆಯಿಂದ ಬಿಡಿಸುವುದು ತರವಲ್ಲ. ಅದು ಸೊಕ್ಕಿನಿಂದ ಬಂದುದೇ ಆದರೆ ಹಳೆಯ ಬರಹದಲ್ಲಿ ರೇಫವಿರಬೇಕು. ಚೊಕ್ಕದಿಂದ ಬಂದುದಾದರೆ ಚಕಾರವಿರಬೇಕು. ಎರಡೂ ಇಲ್ಲದಿದ್ದರೆ ಮೂರನೆಯ ಮೂಲವನ್ನು ಹುಡುಕಬೇಕು. ಊರ ಹೆಸರುಗಳು ಸವೆಯುವ ಪರಿ ಬೇರೆ. ದಾವಣಗೆರೆಯಲ್ಲಿರುವ ಕೆರೆ ಎಲ್ಲರಿಗೂ ಕಾಣುತ್ತದೆ, ಆದರೆ ಬಾಯಿಮಾತಿನ ‘ದಾವಣಗೇರಿ’ಯಲ್ಲಿ ಅದು ಆಗಲೇ ಅರ್ಧ ಮುಳುಗಿದೆ. ಪದ ಸವೆದು ಗುರುತು ತಪ್ಪಿದಾಗ ಜನ ಹತ್ತಿರದ ಅರ್ಥವನ್ನು ತೊಡಿಸುತ್ತಾರೆ. ವಿದ್ವಾಂಸರು ಅದನ್ನು ಮುದ್ರಿಸಬಾರದು, ಅಷ್ಟೆ. ಹೆಸರಿನ ಬಲದ ಮೇಲೆ ಆ ಊರಿನವರ ಸ್ವಭಾವವನ್ನು ಅಳೆಯುವವರಿಗೆ ಶಬ್ದಶಾಸ್ತ್ರದ ಆಶ್ರಯವಂತೂ ಇಲ್ಲ.

ಉಳಿದಿರುವುದು ಗರ್ವವೆಂಬ ಅರ್ಥದ ಪ್ರಶ್ನೆ. ಅಮಲು ಗರ್ವವಾದುದು ಸಂಸ್ಕೃತದ ‘ಮದ’ ಶಬ್ದದ ಅನುಕರಣೆಯಿಂದ ಎಂದು ಹೇಳಬಹುದು. ಮದವೂ ವೇದದಲ್ಲಿ ಸೋಮಪಾನದ ಉಲ್ಲಾಸವಾಗಿದ್ದು, ಮುಂದೆ ಗಜದ ಮದವಾಗಿ, ಕಡೆಗೆ ಷಡ್ವೈರಿಗಳಲ್ಲೊಂದಾಗಿ ಕುಳಿತಿತು. ಈ ಹೋಲಿಕೆ ನಿಜ. ಆದರೆ ಮದಶಬ್ದವು ತೆಲುಗಿಗೂ ಬಂದಿತ್ತು. ಅಲ್ಲಿ ಸೊಕ್ಕು ಪರವಶತೆಯಲ್ಲಿಯೇ ನಿಂತಿತು. ಆದ್ದರಿಂದ ಮದವೊಂದೇ ಸಾಕಾದ ಕಾರಣವಲ್ಲ. ತಮಿಳಿನಲ್ಲಿ ‘ಚೆರುಕ್ಕು’ ಎಂಬ ಮತ್ತೊಂದು ಪದವಿದೆ. ಅಮಲು, ಗರ್ವ ಎರಡೂ ಅದರ ಅರ್ಥ. ನಾನು, ನನ್ನದು ಎಂಬ ಅಹಂಭಾವಕ್ಕೆ ತಿರುಕ್ಕುರಳ್ ಬಳಸುವುದು ಇದನ್ನೇ. ರೇಫವನ್ನೂ ಅರ್ಥವನ್ನೂ ನೋಡಿದರೆ ನಮ್ಮ ಸೊರ್ಕು, ತಮಿಳಿನ ಚೊಕ್ಕುವಿಗಿಂತ ಚೆರುಕ್ಕುವಿಗೆ ಹತ್ತಿರ. ಎಕಾರ ಒಕಾರಗಳ ಭೇದವೊಂದು ಅಡ್ಡಿಯಾಗಿದೆ. ಅದನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಹೇಗೇ ಇರಲಿ, ತಮಿಳು ಮೋಹಕ್ಕೊಂದು, ಗರ್ವಕ್ಕೊಂದು ಎಂದು ಎರಡು ಪಾತ್ರೆಗಳನ್ನಿಟ್ಟುಕೊಂಡಿದೆ. ಕನ್ನಡ ಎರಡನ್ನೂ ಒಂದರಲ್ಲಿ ಹಾಕಿತು; ಕಹಿ ಸಿಹಿಯನ್ನು ನುಂಗಿತು.

ನುಂಗಿದುದು ಹೇಗೆಂಬುದಕ್ಕೆ ನಾವು ಗ್ರಂಥಗಳಿಗಿಂತ ಕೊಟ್ಟಿಗೆಯ ಕಡೆ ನೋಡಬೇಕು. ಆನೆ ಅರಸನದು, ಒಕ್ಕಲಿನ ಮನೆಯಲ್ಲಿ ಸೊಕ್ಕುವುದು ಹೋರಿ. ಮೇವುಂಡು ಕೆಲಸವಿಲ್ಲದೆ ನಿಂತ ಎತ್ತು ನೊಗಕ್ಕೆ ಕತ್ತು ಕೊಡದಿದ್ದಾಗ ‘ಸೊಕ್ಕು ಬಂದಿದೆ’ ಎನ್ನುತ್ತಾರೆ. ಈ ಮಾತನ್ನು ಆಡುವವನು ನೊಗ ಹೊರಿಸುವವನು, ಎತ್ತಲ್ಲ. ಇಲ್ಲಿಂದ ಮುಂದೆ ಈ ಪದ ಮನುಷ್ಯರ ಮೇಲೆ ಬಂದಾಗಲೂ ಅದೇ ಸಂಬಂಧವನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿತು. ಜೀತದಾಳು ಎದುರುತ್ತರ ಕೊಟ್ಟರೆ ಸೊಕ್ಕು. ಸೊಸೆ ತಲೆಯೆತ್ತಿ ನಿಂತರೆ ಸೊಕ್ಕು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಬಂದ ಹುಡುಗ ಹಳೆಯ ಅಂಗಳದಲ್ಲಿ ಕೈಕಟ್ಟಿ ನಿಲ್ಲದಿದ್ದರೆ ‘ನಾಲ್ಕಕ್ಷರ ಕಲಿತ ಸೊಕ್ಕು’. ಅದೇ ಗುಣ ಒಡೆಯನಲ್ಲಿದ್ದರೆ ಗತ್ತು, ಠೀವಿ, ಬಹಳವಾದರೆ ದರ್ಪ. ಮುರಿಯುವುದು, ಇಳಿಸುವುದು, ಅಡಗಿಸುವುದು ಎಂಬ ಕ್ರಿಯಾಪದಗಳು ಸೊಕ್ಕಿಗೆ ಎಷ್ಟು ಸಹಜವಾಗಿ ಅಂಟಿಕೊಳ್ಳುತ್ತವೆಂಬುದನ್ನು ನೋಡಿದರೆ, ಈ ಪದವು ಒಂದು ಗುಣವನ್ನು ಹೆಸರಿಸುವುದರ ಜೊತೆಗೆ ಒಂದು ಶಿಕ್ಷೆಯನ್ನೂ ಸೂಚಿಸುತ್ತದೆಯೆಂಬುದು ಸ್ಪಷ್ಟವಾಗುತ್ತದೆ. (ಗರ್ವವನ್ನು ಹೇಳಲು ಕನ್ನಡಕ್ಕೆ ಇಷ್ಟು ಪದಗಳು ಸಾಲದೆ ಹೋದುದೂ ಒಂದು ವಿನೋದ. ಅರಬ್ಬಿಯಲ್ಲಿ ಮಿದುಳೆಂಬ ಸಾಧುವಾದ ಅರ್ಥವುಳ್ಳ ‘ದಿಮಾಗ್’ ನಮ್ಮಲ್ಲಿಗೆ ಬಂದು ಧಿಮಾಕಾಯಿತು. ಹಂಬಲವೆಂಬರ್ಥದ ‘ಶೌಕ್’ ಬಂದು ಶೋಕಿಯಾಯಿತು.)

‘ಹಣದ ಸೊಕ್ಕು’, ‘ಅಧಿಕಾರದ ಸೊಕ್ಕು’ ಎಂದು ಉಳ್ಳವರನ್ನೂ ಜನ ಬಯ್ಯುವುದಿಲ್ಲವೇ ಎಂದು ಕೇಳಬಹುದು. ಬಯ್ಯುತ್ತಾರೆ, ಆದರೆ ವ್ಯಾಕರಣವನ್ನು ಗಮನಿಸಬೇಕು. ಅಲ್ಲಿ ಷಷ್ಠೀವಿಭಕ್ತಿಯ ಪದವೊಂದು ಮುಂದೆ ನಿಲ್ಲುತ್ತದೆ. ಹಣ, ಅಧಿಕಾರ, ಪ್ರಾಯ ಇವು ಆ ಅಡಿಕೆಯಂತೆ ತಲೆಗೇರುವ ವಸ್ತುಗಳು. ಏರಿಸಿಕೊಂಡವನು ಇಳಿದ ಮೇಲೆ ಸರಿಹೋಗಬಹುದು. ಎಂದರೆ ಈ ಸಮಾಸಗಳಲ್ಲಿ ಅಮಲೆಂಬ ಹಳೆಯ ಅರ್ಥವೇ ಜೀವಂತವಾಗಿದೆ. ಕೆಳಗಿನವನ ವಿಷಯದಲ್ಲಿ ‘ಅವನಿಗೆ ಸೊಕ್ಕು’ ಎಂದರೆ ಸಾಕು. ಏತರಿಂದ ಎಂದು ಹೇಳುವ ಅಗತ್ಯವಿಲ್ಲ, ಕೇಳುವವರೂ ಇಲ್ಲ. ‘ಕಲಿತ ಸೊಕ್ಕು’ ಎಂದು ಕಾರಣವನ್ನು ಹೇಳಿದಾಗಲೂ ಅದು ಕಲಿಕೆಯ ಮೇಲಿನ ಆಕ್ಷೇಪಣೆಯೇ ಆಗಿರುತ್ತದೆ.

ನಿಘಂಟುಕಾರರು ಅರ್ಥಗಳನ್ನು ಸಾಲಾಗಿ ಕೊಡಬಲ್ಲರು; ಯಾರು ಯಾರಿಗೆ ಆಡುವ ಮಾತೆಂಬುದನ್ನು ಕೊಡುವುದು ಅಪರೂಪ. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಕೊಡುವ ಕ್ರಮವನ್ನು ಅನುಸರಿಸಿರುವುದರಿಂದ, ಅಧ್ಯಾಪಕರು ಅದನ್ನು ತೆರೆದು ವಿದ್ಯಾರ್ಥಿಗಳ ಮುಂದೆ ಇಡಬಹುದು. ಪಠ್ಯಪುಸ್ತಕದ ಕೊನೆಯಲ್ಲಿ ‘ಸೊರ್ಕು = ಅಹಂಕಾರ’ ಎಂದು ಅಚ್ಚಾಗಿರುವ ಟಿಪ್ಪಣಿಯನ್ನು ಓದಿದ ವಿದ್ಯಾರ್ಥಿ ವಸಂತದ ತುಂಬಿಯನ್ನು ಅಹಂಕಾರಿಯೆಂದು ಉತ್ತರಪತ್ರಿಕೆಯಲ್ಲಿ ಬರೆದರೆ, ಅಂಕವನ್ನು ಕಳೆಯಬೇಕಾದುದು ಟಿಪ್ಪಣಿಕಾರನದು. ಆ ಸ್ಥಳದಲ್ಲಿ ‘ಮೈಮರೆ’ ಎಂದು ಬರೆಯಬಹುದು. ಆನೆಯಿದ್ದರೆ ‘ಮದವೇರು’ ಎನ್ನಬಹುದು. ಆಳನ್ನು ಕುರಿತು ಅರಸನು ಆಡಿದ ಮಾತಾದರೆ, ಅರ್ಥದ ಜೊತೆಗೆ ಅದು ಅರಸನ ಮಾತೆಂಬುದನ್ನೂ ಸೇರಿಸಬೇಕು.